ಭಾನುವಾರದ ಹಳದಿ ಮಾತ್ರೆ: ಪ್ರಬಂಧ ಬರೆಯುವ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ: ರಾಜ್ಯದ ವೈದ್ಯಕೀಯ, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳಲ್ಲಿ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು, ಅವರ ಗೈಡುಗಳು, ಆ ಪ್ರಬಂಧಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಎಥಿಕ್ಸ್ ಕಮಿಟಿಯ ಸದಸ್ಯರು

ಮಾನ್ಯರೇ,

ನಾನು ತಿಪಟೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಅಂಗಡಿ ಎನ್ನುವಷ್ಟು ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆ, ಎರಡು ಮೆಷಿನ್ನು, ಹುಕ್ಕು-ಫಾಲು ಹಚ್ಚಿಕೊಡಲು ಒಬ್ಬ ಹುಡುಗಿ. ವಯಸ್ಸು 51. ಅದರಲ್ಲಿ 14 ವರ್ಷ ರುಮಟಾಯ್ಡ್ ಆರ್ಥ್ರೈಟಿಸ್ ಜೊತೆಗೇ ಸಂಸಾರ. ಊರ ಕಡೆ ಇದನ್ನು ಕೀಲುವಾಯು ಅನ್ನುತ್ತಾರೆ, ಆಯುರ್ವೇದದವರು ಆಮವಾತ ಅನ್ನುತ್ತಾರೆ. ನಮ್ಮತ್ತೆ ಬದುಕಿದ್ದಷ್ಟು ದಿನ ಮೈಗಳ್ಳತನ ಅನ್ನುತ್ತಿದ್ದರು.

ಈ ಪತ್ರವನ್ನು ಆರೋಗ್ಯ ಮಂತ್ರಿಗಳಿಗೆ ಬರೆಯಬಹುದಿತ್ತು. ಆಸ್ಪತ್ರೆ, ಬೆಡ್ಡು, ಔಷಧಿ ಸರಬರಾಜು ಅವರ ಕೈಯಲ್ಲಿದೆ, ನಿಜ. ಆದರೆ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅನ್ನುವುದು ಇರುವುದು ನಿಮ್ಮ ಕೈಯಲ್ಲಿ. ಎಂ.ಡಿ. ಓದುವ ಪ್ರತಿಯೊಬ್ಬರೂ ಪ್ರಬಂಧ ಬರೆಯಲೇಬೇಕಂತೆ, ಫಿಸಿಯೋಥೆರಪಿಯ ಎಂ.ಪಿ.ಟಿ., ಫಾರ್ಮಸಿಯ ಎಂ.ಫಾರ್ಮ್‌ನವರೂ ಅಷ್ಟೇ. ನನ್ನ ಮಗಳು ಫಾರ್ಮ್.ಡಿ. ಐದನೇ ವರ್ಷದಲ್ಲಿದ್ದಾಳೆ, ಅವಳಿಗೂ ಒಂದು ಪ್ರಾಜೆಕ್ಟ್ ಇದೆ. ಲೈಬ್ರರಿಯಲ್ಲಿ ಹಳೆಯ ಪ್ರಬಂಧಗಳನ್ನು ನೋಡಿ ಬಂದವಳು ಒಂದು ದಿನ ಹೇಳಿದಳು: "ಅಮ್ಮ, ನಿನ್ನ ಕಾಯಿಲೆ ಮೇಲೇ ಎಷ್ಟೊಂದಿದೆ ಗೊತ್ತಾ? ನೀನು ದಿನಾ ಗೋಳಾಡೋ ವಿಷಯ ಮಾತ್ರ ಒಂದರಲ್ಲೂ ಇಲ್ಲ." ಆ ಮಾತು ನನ್ನನ್ನು ಕೊರೆಯುತ್ತಿತ್ತು, ಅದಕ್ಕೇ ಬರೆಯಲು ಕೂತೆ. ಕೆಳಗೆ ಬರುವ ಇಸವಿ, ಊರು, ಅಂಕಿಗಳನ್ನೆಲ್ಲ ಅವಳೇ ಓದಿ ಹೇಳಿದ್ದು. ನೋವಿನ ಲೆಕ್ಕ ನನ್ನದು.

ಮೊದಲು ಮಾತ್ರೆಯ ಕಥೆ ಹೇಳಿಬಿಡುತ್ತೇನೆ.

ಮೆಥೊಟ್ರೆಕ್ಸೇಟ್ ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕೀಲುವಾಯುವಿಗೆ ಕೊಡುವ ಮುಖ್ಯ ಔಷಧ ಇದು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಇದರ ಜೊತೆಗೆ ಫೋಲಿಕ್ ಆಸಿಡ್ ಅನ್ನುವ ಇನ್ನೊಂದು ಮಾತ್ರೆ ಇರುತ್ತದೆ, ಮೊದಲನೆಯದರ ಉಪಟಳ ತಗ್ಗಿಸಲು. ನನಗೆ ಕೊಟ್ಟಿದ್ದ ಎರಡೂ ಹಳದಿ. ಎರಡೂ ಸಣ್ಣವು. ಎರಡರ ಪಟ್ಟಿಯ ಮೇಲೂ ಇರುವುದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರದಲ್ಲಿ.

ಒಂಬತ್ತು ವರ್ಷದ ಹಿಂದಿನ ಮಾತು. ಡಾಕ್ಟರು ಸರಿಯಾಗಿಯೇ ಬರೆದಿದ್ದರು: ಒಂದು ಭಾನುವಾರ ಮಾತ್ರ, ಇನ್ನೊಂದು ಉಳಿದ ದಿನ. ಚೀಟಿಯಲ್ಲಿ ವಾರಕ್ಕೊಮ್ಮೆ ಅನ್ನುವುದಕ್ಕೆ ಎರಡು ಇಂಗ್ಲಿಷ್ ಅಕ್ಷರ, ದಿನಕ್ಕೊಮ್ಮೆ ಅನ್ನುವುದಕ್ಕೂ ಎರಡು ಅಕ್ಷರ. ಮೊದಲನೆಯ ಅಕ್ಷರ ಎರಡಕ್ಕೂ ಒಂದೇ. ಮೆಡಿಕಲ್ ಸ್ಟೋರಿನ ಹುಡುಗ ಎರಡನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿ, ಎರಡರ ಮೇಲೂ 1-0-0 ಅಂತ ಗೀಚಿಕೊಟ್ಟ. ಮದುವೆ ಸೀಸನ್ನು, ರಾತ್ರಿ ಹನ್ನೊಂದರವರೆಗೆ ಮೆಷಿನ್ನು ತುಳಿಯುತ್ತಿದ್ದ ಕಾಲ. ಯಾವುದು ಭಾನುವಾರದ್ದು, ಯಾವುದು ಉಳಿದ ದಿನದ್ದು ಅನ್ನುವುದನ್ನು ನೆನಪಿನ ಮೇಲೆ ನಡೆಸಿದೆ. ಅದಲುಬದಲಾಯಿತು. ಆರು ದಿನ ಬೆಳಿಗ್ಗೆ ಬೆಳಿಗ್ಗೆ ಮೆಥೊಟ್ರೆಕ್ಸೇಟ್ ನುಂಗಿದೆ.

ಏಳನೇ ದಿನಕ್ಕೆ ಬಾಯಲ್ಲಿ ಹುಣ್ಣು ಬಂತು. ನಾನೇನು ಅಂದುಕೊಂಡೆ ಗೊತ್ತೇ? ಹೀಟಾಗಿದೆ ಅಂದುಕೊಂಡೆ. ಪಕ್ಕದ ಮನೆಯವರೂ ಅದನ್ನೇ ಅಂದರು. ತಿಪಟೂರಿನಲ್ಲಿ ಎಳನೀರಿಗೇನು ಬರವೇ? ದಿನಕ್ಕೆ ಮೂರು ಕುಡಿದೆ. ಮಜ್ಜಿಗೆ, ಹೆಸರುಬೇಳೆ ಪಾನಕ, ಬಾಯಿಗೆ ತುಪ್ಪ. ಹೀಟಿಗೆ ಏನೇನು ಉಂಟೋ ಎಲ್ಲ ಆಯಿತು. ಹೀಟು ಹೆಚ್ಚಿಸಿದ್ದು ಮಾತ್ರೆಯೇ ಇರಬೇಕು, ಆದರೂ ಡಾಕ್ಟರು ಹೇಳಿದ್ದನ್ನು ಬಿಡಬಾರದು ಅಂತ ಇನ್ನೂ ಎರಡು ದಿನ ನುಂಗಿದೆ. ಹತ್ತನೇ ದಿನ ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ, ಜ್ವರ ಬಂತು. ಆಸ್ಪತ್ರೆಗೆ ಹಾಕಿದಾಗ ರಕ್ತದಲ್ಲಿ ಬಿಳಿಕಣ, ಪ್ಲೇಟ್ಲೆಟ್ ಎರಡೂ ಪಾತಾಳಕ್ಕಿಳಿದಿದ್ದವು. ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟು ಉಳಿಸಿದರು. ಫೋಲಿಕ್ ಅಲ್ಲ, ಫೋಲಿನಿಕ್. ನಡುವೆ ಒಂದು "ನಿ" ಹೆಚ್ಚು, ಅಷ್ಟೇ. ಈ ಔಷಧಿಗಳಿಗೆ ಹೆಸರಿಟ್ಟವರು ನಮ್ಮಂಥವರನ್ನು ನೆನೆಸಿಕೊಂಡು ಇಟ್ಟಿರಲಾರರು.

ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲು ಇತ್ತು. ಮಗಳು ದೊಡ್ಡವಳಾದ ಮೇಲೆ ಓದಿ ಅರ್ಥ ಹೇಳಿದಳು: ರೋಗಿಯು ಔಷಧವನ್ನು ತಪ್ಪಾಗಿ ಸೇವಿಸಿದ್ದರಿಂದ. ಅಲ್ಲಿಗೆ ಕೇಸು ಮುಗಿಯಿತು. 1-0-0 ಎಂದು ಬರೆದ ಕವರು, ಒಂದೇ ಬಣ್ಣದ ಎರಡು ಮಾತ್ರೆ, ಇಂಗ್ಲಿಷ್ ಪಟ್ಟಿ ಇವಕ್ಕೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಆ ಹುಡುಗನನ್ನೂ ನಾನು ಬೈಯುವುದಿಲ್ಲ. ಅವನಿಗೆ ಯಾರು ಹೇಳಿಕೊಟ್ಟಿದ್ದರು?

ಇಂಥದ್ದು ತಿಪಟೂರಿನ ನನಗೊಬ್ಬಳಿಗೇ ಆದದ್ದಲ್ಲ ಅನ್ನುವುದು ಗೊತ್ತಾಗಿದ್ದು ಆಮೇಲೆ. ವಾರದ ಮಾತ್ರೆಯನ್ನು ದಿನಾ ನುಂಗಿ ಸತ್ತವರು ಯುರೋಪಿನಲ್ಲೂ ಇದ್ದಾರೆ. ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇದನ್ನೇ ಕೈಗೆತ್ತಿಕೊಂಡು ಪ್ಯಾಕಿನ ಮೇಲೆ ಎದ್ದುಕಾಣುವ ಎಚ್ಚರಿಕೆ ಇರಬೇಕು, ಮಾತ್ರೆಯನ್ನು ಡಬ್ಬಿಯಲ್ಲಿ ಸುರಿದು ಕೊಡದೆ ಪಟ್ಟಿಯಲ್ಲೇ ಕೊಡಬೇಕು, ರೋಗಿಯ ಕೈಗೊಂದು ಕಾರ್ಡು ಕೊಡಬೇಕು ಎಂದಿತು. ಅಲ್ಲಿ ಯಾರೋ ಒಬ್ಬರು "ರೋಗಿ ತಪ್ಪು ಮಾಡಿದ" ಅನ್ನುವಲ್ಲಿಗೇ ನಿಲ್ಲದೆ "ಯಾಕೆ ಇಷ್ಟು ಜನ ಒಂದೇ ತಪ್ಪು ಮಾಡುತ್ತಿದ್ದಾರೆ" ಎಂದು ಕೇಳಿರಬೇಕು.

ನಮ್ಮಲ್ಲೂ ವ್ಯವಸ್ಥೆ ಇಲ್ಲದಿಲ್ಲ. ಔಷಧಿಯಿಂದ ಆದ ತೊಂದರೆಗಳನ್ನು ದಾಖಲಿಸಲು ಕೇಂದ್ರ ಸರ್ಕಾರದ್ದೇ ಕಾರ್ಯಕ್ರಮ 2010ರಿಂದ ಇದೆ, ಅದರ ಕಚೇರಿ ಗಾಜಿಯಾಬಾದಿನಲ್ಲಿದೆ. ಡಾಕ್ಟರುಗಳಿಗೆ ಒಂದು ಫಾರಂ, ನಮ್ಮಂಥ ಬಳಕೆದಾರರಿಗೇ ಬೇರೊಂದು ಫಾರಂ. ಅದು ಕನ್ನಡದಲ್ಲೂ ಇದೆ! 1800-180-3024 ಅಂತ ದುಡ್ಡಿಲ್ಲದ ಫೋನ್ ನಂಬರೂ ಇದೆ. 14 ವರ್ಷದಲ್ಲಿ ನಾನು ಎಷ್ಟು ಓ.ಪಿ.ಡಿ. ಬೆಂಚುಗಳ ಮೇಲೆ ಕೂತೆದ್ದಿದ್ದೇನೋ, ಒಂದು ಗೋಡೆಯ ಮೇಲೂ ಆ ನಂಬರು ಕಂಡ ನೆನಪಿಲ್ಲ. ನನ್ನ ಆ ಹತ್ತು ದಿನಗಳಿಗೆ ಯಾರೂ ಫಾರಂ ತುಂಬಲಿಲ್ಲ. ಗಾಜಿಯಾಬಾದಿನ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ಹೀಗಾಗಿ ನನ್ನ ಮೊದಲ ಪ್ರಶ್ನೆ, ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ಇಡುತ್ತಿದ್ದೇನೆ: ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಕನ್ನಡದ ಹೆಂಗಸು "ಹೀಟು" ಅಂದಾಗ ಏನನ್ನು ಹೇಳುತ್ತಿದ್ದಾಳೆ? ನಿಮ್ಮ ಪುಸ್ತಕದಲ್ಲಿ ಅದಕ್ಕೆ ಸ್ಟೊಮಟೈಟಿಸ್ ಎಂದು ಹೆಸರು. ನಮ್ಮ ಬಾಯಲ್ಲಿ ಆ ಮಾತು ಬರುವುದೇ ಇಲ್ಲ. ಔಷಧಿ ಒಗ್ಗಲಿಲ್ಲ, ಹೀಟಾಯಿತು, ಬಾಯಿ ಬೆಂದಿದೆ, ತಲೆ ದಿಮ್ಮೆನ್ನುತ್ತದೆ, ನಾವು ಹೇಳುವುದು ಹೀಗೆ. ಎಚ್ಚರಿಕೆಯ ಚೀಟಿಯಲ್ಲಿ "ಬಾಯಿ ಹುಣ್ಣಾದರೆ ಅದು ಹೀಟಲ್ಲ, ಮಾತ್ರೆ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ಫೋನು ಮಾಡಿ" ಎಂದು ಒಂದು ಸಾಲು ಇದ್ದರೆ ನಾನು ಮೂರು ದಿನ ಎಳನೀರು ಕುಡಿಯುತ್ತ ಕೂರುತ್ತಿರಲಿಲ್ಲ. ಆ ಸಾಲು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಕೋಟಿ ರೂಪಾಯಿಯ ಮೆಷಿನ್ನು ಬೇಕಿಲ್ಲ. ಒಂದು ಓ.ಪಿ.ಡಿ., ಒಂದು ವರ್ಷ, ಕೇಳುವ ತಾಳ್ಮೆ ಇದ್ದರೆ ಸಾಕು.

ಇನ್ನು ನಾನೇ ಸ್ಯಾಂಪಲ್ ಆಗಿದ್ದರ ಬಗ್ಗೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಯುವ ಡಾಕ್ಟರೊಬ್ಬರು ಬಂದು, "ಅಮ್ಮ, ಒಂದು ಸ್ಟಡಿ ಮಾಡ್ತಿದ್ದೀನಿ, ಒಂದ್ ಹತ್ತು ನಿಮಿಷ" ಅಂದರು. ಒಳ್ಳೆಯ ಹುಡುಗ. ರಾತ್ರಿಪಾಳಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಗಿತ್ತು. ನನಗೇ ಅಯ್ಯೋ ಅನ್ನಿಸಿತು. ನಾಲ್ಕು ಪುಟದ ಕನ್ನಡ ಕಾಗದ ಕೊಟ್ಟ. ಅದರಲ್ಲಿ "ಯಾದೃಚ್ಛಿಕವಾಗಿ", "ಪ್ರತಿಕೂಲ ಘಟನೆ", "ಗೌಪ್ಯತೆಯನ್ನು ಕಾಯ್ದಿರಿಸಲಾಗುವುದು" ಎಂದೆಲ್ಲ ಇತ್ತು. ನಾನು ಪಿ.ಯು.ಸಿ. ಮಾಡಿದವಳು, ವಾರಪತ್ರಿಕೆಗಳನ್ನು ಮೊದಲ ಪುಟದಿಂದ ಕೊನೆಯವರೆಗೂ ಓದುವವಳು. ನನಗೇ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಯಿತು. ಪಕ್ಕದಲ್ಲಿದ್ದ ಹೆಂಗಸು ಓದದೆ ಹೆಬ್ಬೆಟ್ಟು ಒತ್ತಿದಳು. ನಾನು ಓದಿ ಸಹಿ ಹಾಕಿದೆ. ತಿಳಿವಳಿಕೆಯಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಆಮೇಲೆ ಪ್ರಶ್ನೆಗಳು. ಬಾತ್ ಟಬ್ಬಿಗೆ ಇಳಿದು ಹತ್ತಲು ಆಗುತ್ತದೆಯೇ? ಹೊಸ ಹಾಲಿನ ಪೊಟ್ಟಣ ತೆರೆಯಲು ಆಗುತ್ತದೆಯೇ? ವ್ಯಾಕ್ಯೂಮ್ ಕ್ಲೀನರ್ ಹಿಡಿದು ಗುಡಿಸಲು, ಅಂಗಳದ ಕೆಲಸ ಮಾಡಲು? ಬಾತ್ ಟಬ್ಬನ್ನು ನಾನು ನೋಡಿರುವುದು ಸಿನಿಮಾದಲ್ಲಿ. "ಆಗುತ್ತೆ ಅಂತ ಬರಕೊಳ್ಳಪ್ಪ" ಅಂದೆ. ಹಾಗೆ ನನ್ನ ಅಂಕ ಚೆನ್ನಾಗಿ ಬಂತು.

ಇದು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಪ್ರಶ್ನಾವಳಿ ಎಂದು ಆಮೇಲೆ ತಿಳಿಯಿತು. ಅಲ್ಲಿಯವರಿಗೆ ಅದು ಸರಿ. ಅಲ್ಲಿ ಅದನ್ನು ಮಾಡಿದ್ದರ ಉದ್ದೇಶವೂ ಒಳ್ಳೆಯದೇ, ರಕ್ತಪರೀಕ್ಷೆ ಹೇಳದ್ದನ್ನು ರೋಗಿಯ ಬಾಯಿಂದ ಕೇಳುವುದು. ನನ್ನ ತಕರಾರು ಬೇರೆ. ದೆಹಲಿಯ ವೈದ್ಯರು ಇದನ್ನೇ ನಮ್ಮ ಬದುಕಿಗೆ ಹೊಂದುವ ಹಾಗೆ ತಿದ್ದಿ 2002ರಲ್ಲೇ ಪ್ರಕಟಿಸಿದ್ದಾರೆ. ಅದರಲ್ಲಿ ಬರೇ 12 ಪ್ರಶ್ನೆ. ಸೀರೆ ಉಡಲು ಆಗುತ್ತದೆಯೇ, ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತದೆಯೇ, ಆಟೋ ಹತ್ತಿ ಇಳಿಯಲು, ತರಕಾರಿ ಮಾರ್ಕೆಟ್ಟಿಗೆ ಹೋಗಿ ಬರಲು ಆಗುತ್ತದೆಯೇ. ಇವು ನನ್ನ ಪ್ರಶ್ನೆಗಳು. ಇವನ್ನು ಕೇಳಿದ್ದರೆ ನನ್ನ ಅಂಕ ನೆಲ ಕಚ್ಚಿರುತ್ತಿತ್ತು, ಆ ಹುಡುಗನ ಪ್ರಬಂಧವೂ ಬೇರೆಯೇ ಏನೋ ಹೇಳಿರುತ್ತಿತ್ತು. ಹದಿನೈದು ವರ್ಷ ಮೇಲಾಗಿದ್ದರೂ ಅದು ಅವನ ಕೈ ಸೇರಿರಲಿಲ್ಲ. ಹಳೆಯ ಪ್ರಬಂಧದಿಂದ ಹೊಸ ಪ್ರಬಂಧಕ್ಕೆ ಬಾತ್ ಟಬ್ಬೇ ಸಾಗಿಬಂದಿತ್ತು.

ನಾನು ಅಳತೆಯ ಕಸುಬಿನವಳು, ಅದಕ್ಕೇ ಇದು ಇಷ್ಟು ಚುಚ್ಚುತ್ತದೆ. ಒಬ್ಬರ ಅಳತೆ ಬ್ಲೌಸ್ ಇಟ್ಟುಕೊಂಡು ಇನ್ನೊಬ್ಬರಿಗೆ ಹೊಲಿದರೆ ಮದುವೆ ಮನೆಯಲ್ಲಿ ನಮ್ಮ ಮಾನ ಹೋಗುತ್ತದೆ. ನಿಮ್ಮಲ್ಲಿ ಅದಕ್ಕೆ ಡಿಗ್ರಿ ಸಿಗುತ್ತದೆ. ಮಾತು ಖಾರವಾಯಿತೇನೋ, ಇರಲಿ, ಅಳಿಸುವುದಿಲ್ಲ.

ಅವತ್ತು ಆ ಹುಡುಗ ಇನ್ನೊಂದು ಪ್ರಶ್ನೆ ಕೇಳಿದ. "ಬೇರೆ ಯಾವುದಾದ್ರೂ ಔಷಧಿ ತಗೊಳ್ತಿದ್ದೀರಾಮ್ಮ?" "ಇಲ್ಲ" ಅಂದೆ. ಸುಳ್ಳು.

ಈಗ ನಿಜ ಹೇಳುತ್ತೇನೆ. ಕಾಯಿಲೆಯ ಮೂರನೇ ವರ್ಷ, ಯಾರೋ ಹೇಳಿದರೆಂದು ಪಕ್ಕದ ತಾಲೂಕಿನ ಒಬ್ಬರ ಹತ್ತಿರ ಹೋಗಿ ಪುಡಿ ತಂದೆ. ಹೆಸರಿಲ್ಲ, ಚೀಟಿಯಿಲ್ಲ, ಪೇಪರಿನಲ್ಲಿ ಕಟ್ಟಿದ ಕಂದು ಪುಡಿ. ಮೂರೇ ದಿನಕ್ಕೆ ಬೆರಳು ಮಡಚಿತು! ಬೆಳಿಗ್ಗೆ ಎದ್ದು ಬಾವಿಕಟ್ಟೆಗೆ ನಡೆದುಹೋದೆ, ಅತ್ತುಬಿಟ್ಟೆ. ನಾಲ್ಕು ತಿಂಗಳಾದ ಮೇಲೆ ಮುಖ ಚಂದ್ರನ ಹಾಗೆ ಊದಿತು, ಬಿ.ಪಿ. ಏರಿತು, ಗೋಡೆಗೆ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ಹೆದರಿ ಒಮ್ಮೆಲೇ ನಿಲ್ಲಿಸಿದಾಗ ಎದ್ದು ನಿಲ್ಲಲೂ ಶಕ್ತಿಯಿಲ್ಲದಂತಾಯಿತು. ಅದರಲ್ಲಿ ಏನಿತ್ತು ಎಂದು ಲ್ಯಾಬಿನಲ್ಲಿ ನೋಡಿಸಿದವಳಲ್ಲ ನಾನು. ಆದರೆ ಈ ಲಕ್ಷಣಗಳನ್ನು ಕೇಳಿದ ಡಾಕ್ಟರುಗಳೆಲ್ಲ ಹೇಳಿದ್ದು ಒಂದೇ ಮಾತು, ಸ್ಟೀರಾಯ್ಡ್. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿರುವುದೂ ನಿಮಗೆ ಗೊತ್ತಿರುವ ಸಂಗತಿಯೇ. ಸ್ಟೀರಾಯ್ಡನ್ನು ಮೆಲ್ಲಮೆಲ್ಲನೆ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂಬುದು ಅದು ಸ್ಟೀರಾಯ್ಡ್ ಎಂದು ಗೊತ್ತಿದ್ದವರಿಗೆ ತಾನೇ ತಿಳಿಯುವುದು?

ಇದನ್ನು ಡಾಕ್ಟರ ಮುಂದೆ ಯಾಕೆ ಹೇಳಲಿಲ್ಲ? ಮೊದಲ ಸಲ ಹೇಳಿದೆ. ಇಡೀ ಓ.ಪಿ.ಡಿ.ಗೆ ಕೇಳುವ ಹಾಗೆ ಬೈಸಿಕೊಂಡೆ. "ಓದ್ಕೊಂಡಿದೀರ, ಬುದ್ಧಿ ಬೇಡ್ವಾ?" ಅಲ್ಲಿಂದಾಚೆಗೆ ಯಾರು ಕೇಳಿದರೂ "ಇಲ್ಲ". ನನ್ನ ಹತ್ತಿರ ಬಟ್ಟೆ ಹೊಲಿಸಲು ಬರುವವರಲ್ಲಿ ಇದೇ ಕಾಯಿಲೆಯ ಐದಾರು ಜನ ಇದ್ದಾರೆ. ಅಳತೆ ಕೊಡುತ್ತಾ ಅವರು ಹೇಳುವ ಔಷಧಿಗಳ ಪಟ್ಟಿಯನ್ನು ನೀವು ಕೇಳಬೇಕು. ಎರಡು ವರ್ಷದ ಹಿಂದಿನ ಚೀಟಿ ತೋರಿಸಿ ತಿಂಗಳು ತಿಂಗಳು ಕೊಳ್ಳುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಮೆಡಿಕಲ್ ಸ್ಟೋರಿನವರು ಬಿಡಿಯಾಗಿ ಕೊಡುವ ನೋವಿನ ಮಾತ್ರೆ. ತೈಲ, ಪುಡಿ, ಇಂಜೆಕ್ಷನ್ನು. ಇವರೆಲ್ಲರ ಫಾರಂಗಳಲ್ಲಿ "ಇತರ ಔಷಧಗಳು" ಎಂಬ ಕಾಲಮ್ಮಿನ ಎದುರಿಗೆ ಒಂದೇ ಗೆರೆ. ನಿಮ್ಮ ಪ್ರಬಂಧದಲ್ಲಿ ಲಿವರ್ ಕೆಟ್ಟಿದ್ದಕ್ಕೆ ಮೆಥೊಟ್ರೆಕ್ಸೇಟ್ ಕಾರಣವಾಗುತ್ತದೆ, ಕಿಡ್ನಿ ಕೆಟ್ಟಿದ್ದಕ್ಕೆ ಕಾಯಿಲೆ ಕಾರಣವಾಗುತ್ತದೆ. ಪುಡಿಗೆ ಲೆಕ್ಕವೇ ಇಲ್ಲ. ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡಹೊರಟವರು ಮೊದಲು ಬೈಯದೆ ಕೇಳುವುದನ್ನು ಕಲಿಯಬೇಕು; ಇದನ್ನು ನಯವಾಗಿ ಹೇಳುವ ದಾರಿ ನನಗೆ ಹೊಳೆಯುತ್ತಿಲ್ಲ. ಡಾಕ್ಟರೇ ಕೇಳಬೇಕು ಅಂತಲೂ ಇಲ್ಲ. ಕೋಟು ಹಾಕದವರು, ನಮ್ಮಂಥವರೇ ಇನ್ನೊಬ್ಬರು ಕೇಳಲಿ. ಉತ್ತರ ಹೇಗೆ ಬದಲಾಗುತ್ತದೆ ನೋಡಿ. ಅದೇ ಒಂದು ಪ್ರಬಂಧವಾದೀತು.

ಕೈಗಳ ವಿಷಯಕ್ಕೆ ಬರುತ್ತೇನೆ. ಇದು ನನ್ನ ಅನ್ನ.

ಫಿಸಿಯೋಥೆರಪಿಗೆಂದು ಹೋದಾಗ ಮೇಣದ ಸ್ನಾನ ಕೊಟ್ಟರು, ಹಿತವಾಗಿತ್ತು. ಸ್ಪಂಜಿನ ಚೆಂಡು ಹಿಂಡಲು ಹೇಳಿ, ಬೆರಳಿನ ವ್ಯಾಯಾಮದ ಚಿತ್ರವಿರುವ ಹಾಳೆ ಕೊಟ್ಟರು. ಅದರಲ್ಲಿದ್ದ ಕೈಗಳಿಗೆ ಬಳೆಯಿರಲಿಲ್ಲ. ನಾನು ಕೇಳಿದ್ದು ಮೂರು ವಿಷಯ: ಕತ್ತರಿ ಹಿಡಿಯುವುದು ಹೇಗೆ, ಮುದ್ದೆ ತಿರುವುವುದು ಹೇಗೆ, ಒದ್ದೆ ಸೀರೆ ಹಿಂಡುವುದು ಹೇಗೆ. "ಅದೆಲ್ಲ ಅವಾಯ್ಡ್ ಮಾಡಿ" ಅಂದರು. ಮಾಡುತ್ತೇನೆ, ಮನೆಬಾಡಿಗೆ ಯಾರು ಕೊಡುತ್ತಾರೆ?

ಕೈಯ ವ್ಯಾಯಾಮದಿಂದ ಉಪಯೋಗವಿಲ್ಲ ಅನ್ನುತ್ತಿಲ್ಲ. ಇಂಗ್ಲೆಂಡಿನಲ್ಲಿ ನನ್ನಂಥ 490 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂದಿದೆ. ಮಾಮೂಲಿ ಉಪಚಾರದ ಜೊತೆ, ಅವರವರ ಕೈಗೆ ತಕ್ಕಂತೆ ಹಿಗ್ಗಿಸುವ ಮತ್ತು ಬಲ ಕೊಡುವ ವ್ಯಾಯಾಮಗಳನ್ನು ಕಲಿಸಿದವರಿಗೆ ಒಂದು ವರ್ಷದ ಮೇಲೂ ಕೈ ಹೆಚ್ಚು ಚೆನ್ನಾಗಿ ಆಡುತ್ತಿತ್ತು. ನೋಡಿ, ಅವರು ವರ್ಷವಿಡೀ ಕಾದು ನೋಡಿದರು. ಮಗಳು ತಂದು ತೋರಿಸಿದ ನಮ್ಮ ಕಡೆಯ ಪ್ರಬಂಧಗಳಲ್ಲಿ ನಾಲ್ಕು ವಾರ, ಆರು ವಾರ. ನಿಮಗೆ ಕೋರ್ಸು ಮುಗಿಸುವ ಅವಸರ ಇರುತ್ತದೆ, ಗೊತ್ತು. ಆದರೆ ಈ ವರ್ಷದ ವಿದ್ಯಾರ್ಥಿ ಶುರು ಮಾಡಿದ್ದನ್ನು ಮುಂದಿನ ವರ್ಷದವರು ಮುಂದುವರಿಸಬಾರದೆಂದು ಎಲ್ಲಿ ಬರೆದಿದೆ? ಕಾಯಿಲೆ ಮೂವತ್ತು ವರ್ಷ ಇರುತ್ತದೆ. ಆರು ವಾರ ಅಂದರೆ ಒಂದು ಮದುವೆ ಸೀಸನ್ನೂ ಪೂರ್ತಿಯಾಗುವುದಿಲ್ಲ.

ಅಷ್ಟರಲ್ಲಿ ನಾವು ನಾವೇ ದಾರಿ ಹುಡುಕಿಕೊಂಡಿದ್ದೇವೆ. ಕತ್ತರಿಯ ಹಿಡಿಗೆ ಬಟ್ಟೆಯ ಚಿಂದಿ ಸುತ್ತಿ ದಪ್ಪ ಮಾಡಿದ್ದೇನೆ, ಹೆಬ್ಬೆರಳಿನ ಬುಡದ ನೋವು ಅರ್ಧಕ್ಕಿಳಿಯಿತು. ತುಳಿಯುವ ಮೆಷಿನ್ನಿಗೆ ಮೋಟರು ಹಾಕಿಸಿದೆ. ಒದ್ದೆ ಸೀರೆಯನ್ನು ನಲ್ಲಿಗೆ ಸಿಕ್ಕಿಸಿ ತಿರುಚಿದರೆ ಒಂದೇ ಕೈ ಸಾಕು. ಈಳಿಗೆಮಣೆ ಬಿಟ್ಟು ಹ್ಯಾಂಡಲ್ ತಿರುಗಿಸುವ ಕಾಯಿತುರಿಯುವ ಮಣೆ ಕೊಂಡೆ. ಅದು ಹೆಗಲಿಗೆ ಹೊಡೆಯಿತು, ಬಿಟ್ಟೆ. ಮುದ್ದೆ ತಿರುವುವ ಕೋಲನ್ನು ಮುಷ್ಟಿ ಬಿಗಿಯದೆ ಎರಡು ಅಂಗೈ ನಡುವೆ ಒತ್ತಿ ಹಿಡಿಯುವುದನ್ನು ಕಲಿತೆ. ಬ್ಲೌಸಿನ ಹಿಂದಿನ ಹುಕ್ಕು ಹಾಕಲಾಗದ ಹೆಂಗಸರಿಗೆ ಮುಂದೆ ದೊಡ್ಡ ಟಿಚ್ ಬಟನ್ ಇಟ್ಟು ಹೊಲಿದುಕೊಡುತ್ತೇನೆ. ಹೊರಗಿನಿಂದ ನೋಡಿದರೆ ಹುಕ್ಕಿನ ಹಾಗೇ ಕಾಣುತ್ತದೆ. ಒಬ್ಬ ಅಜ್ಜಿ ಅದನ್ನು ಹಾಕಿಕೊಂಡು, "ಎರಡು ವರ್ಷದಿಂದ ಸೊಸೆ ಕೈಲಿ ಹಾಕಿಸಿಕೊಳ್ತಿದ್ದೆ ಕಣಮ್ಮ" ಅಂದರು. ಕೂಲಿ ತಗೊಳ್ಳಲು ಮನಸ್ಸಾಗಲಿಲ್ಲ, ಆದರೂ ಅವರೇ ಬಲವಂತವಾಗಿ ಕೊಟ್ಟರು.

ಇದರಲ್ಲಿ ಯಾವುದು ಕೀಲಿಗೆ ನಿಜವಾಗಿ ಒಳ್ಳೆಯದು, ಯಾವುದು ಈಗ ನೋವು ತಗ್ಗಿಸಿ ಮುಂದೆ ಬೆರಳು ಇನ್ನಷ್ಟು ಸೊಟ್ಟಗೆ ಮಾಡುತ್ತದೆ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ನೋಡಿಲ್ಲ. ಆ ಎರಡು ಅಂಗೈ ಹಿಡಿತವನ್ನು ಅಳೆದು ನೋಡಿ. ಮುದ್ದೆ ಉಣ್ಣುವ ಜಿಲ್ಲೆಗಳ ಫಿಸಿಯೋಥೆರಪಿ ಕಾಲೇಜು ಇದನ್ನು ನೋಡದಿದ್ದರೆ ಲಂಡನ್ನಿನವರು ಬಂದು ನೋಡುತ್ತಾರೆಯೇ?

ಪ್ರಶ್ನೆ ಕೇಳುವಾಗ ನಮ್ಮನ್ನು ಕೂಡಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗವಿದೆ. ಕೀಲುವಾಯುವಿನ ಔಷಧ ಪರೀಕ್ಷೆಗಳಲ್ಲಿ ಏನೇನು ಅಳೆಯಬೇಕು ಎಂದು ನಿರ್ಧರಿಸುವ ಅಂತರರಾಷ್ಟ್ರೀಯ ಗುಂಪೊಂದಿದೆ, ಒಮೆರಾಕ್ಟ್ ಅಂತ. 1992ರಿಂದ ನಡೆದುಬಂದದ್ದು. ಹತ್ತು ವರ್ಷ ತಜ್ಞರು ತಜ್ಞರೇ ಕೂತು ನೋವು, ಊತ, ರಕ್ತಪರೀಕ್ಷೆ ಎಂದು ಪಟ್ಟಿ ಮಾಡಿದರು. 2002ರ ಸಭೆಗೆ ಮೊದಲ ಸಲ ರೋಗಿಗಳನ್ನು ಕರೆದರು. ಅವರು ಬಂದು ಕೇಳಿದ್ದು, ಸುಸ್ತು ಎಲ್ಲಿ? ಅಷ್ಟು ವರ್ಷ ಪಟ್ಟಿಯಲ್ಲಿ ಸುಸ್ತೇ ಇರಲಿಲ್ಲ! ಮುಂದೆ ಕೆಲವು ವರ್ಷಕ್ಕೆ, ಈ ಕಾಯಿಲೆಯ ಪರೀಕ್ಷೆಗಳಲ್ಲೆಲ್ಲ ಸುಸ್ತನ್ನೂ ಅಳೆಯಬೇಕು ಎಂದು ಒಪ್ಪಿದರು. ಇದನ್ನು ಮಗಳು ಓದಿ ಹೇಳಿದಾಗ ನಾನು ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂತೆ. ನಮ್ಮತ್ತೆಗೆ ಇದನ್ನು ಕೇಳಿಸಬೇಕಿತ್ತು.

ಮೆಥೊಟ್ರೆಕ್ಸೇಟ್ ನುಂಗಿದ ಮಾರನೆಯ ದಿನದ ವಾಕರಿಕೆ, ಸುಸ್ತು ಕೂಡ ಹೀಗೇ ಹೆಚ್ಚಿನವರು ಕೇಳದೆ ಬಿಡುವಂಥದ್ದು. ಹಳದಿ ಬಣ್ಣ ಕಂಡರೇ ಹೊಟ್ಟೆ ತೊಳಸುವವರಿದ್ದಾರೆ, ಅರಿಸಿನದ ಸೀರೆ ನೋಡಿಯೂ. ದೆಹಲಿಯ ವೈದ್ಯರ ತಂಡವೊಂದು ಮಾತ್ರೆಯ ದಿನ ಕಾಫಿ ಕುಡಿಸಿ ನೋಡಿ, ಹಲವರಿಗೆ ಇದು ತಗ್ಗಿತೆಂದು 2017ರಲ್ಲಿ ಬರೆದಿದೆ. ಇದನ್ನು ಇನ್ನೂ ಗಟ್ಟಿಯಾಗಿ ಪರೀಕ್ಷಿಸಿ ನೋಡಬೇಕಂತೆ. ಕಾಫಿ ಬೆಳೆಯುವ ನಾಡು ಇದು, ಈ ಪರೀಕ್ಷೆ ದೆಹಲಿಯಲ್ಲಿ ನಡೆಯಬೇಕಾಯಿತೇ ಎಂದು ನಗು ಬಂತು. ಚಂಡೀಗಢದಲ್ಲಿ ಫೋಲಿಕ್ ಆಸಿಡ್ ವಾರಕ್ಕೆ 10 ಮಿಲಿಗ್ರಾಂ ಸಾಕೋ 30 ಬೇಕೋ ಎಂದು ಪರೀಕ್ಷಿಸಿ, ಹೆಚ್ಚು ಕೊಟ್ಟರೆ ಹೆಚ್ಚಿನ ಲಾಭವಿಲ್ಲ ಎಂದು 2015ರಲ್ಲಿ ಹೇಳಿದ್ದಾರೆ. ಇಂಥ ಸಣ್ಣ, ಅಗ್ಗದ, ನೇರ ಪ್ರಶ್ನೆಗಳು ನಮ್ಮ ದಿನವನ್ನು ಬದಲಾಯಿಸುತ್ತವೆ. ಇವುಗಳಲ್ಲಿ ಯಾವ ಕಂಪನಿಗೂ ದುಡ್ಡಿಲ್ಲ, ಹಾಗಾಗಿ ನೀವೇ ಕೇಳಬೇಕು.

ದೊಡ್ಡ ಪ್ರಶ್ನೆಗಳೂ ಇವೆ. ಈಗ ನನ್ನ ಡಾಕ್ಟರು ಟೊಫಾಸಿಟಿನಿಬ್ ಎಂಬ ಹೊಸ ಬಗೆಯ ಮಾತ್ರೆ ಶುರು ಮಾಡೋಣ ಅನ್ನುತ್ತಿದ್ದಾರೆ. ನಮ್ಮ ದೇಶದ ಕಂಪನಿಗಳೇ ಮಾಡಲು ಶುರುವಿಟ್ಟ ಮೇಲೆ ಅದು ನಮ್ಮಂಥವರ ಕೈಗೆಟುಕುವ ಬೆಲೆಗೆ ಬಂದಿದೆ. 50 ದಾಟಿದ, ಹೃದಯಕ್ಕೆ ಒಂದಾದರೂ ಅಪಾಯದ ಅಂಶ ಇರುವ 4,362 ಜನರ ಮೇಲೆ ಹೊರದೇಶಗಳಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹಳೆಯ ಬಗೆಯ ಇಂಜೆಕ್ಷನ್ನುಗಳಿಗೆ ಹೋಲಿಸಿದರೆ ಹೃದಯಾಘಾತ, ಕ್ಯಾನ್ಸರು ಇದರಲ್ಲಿ ಹೆಚ್ಚು ಕಂಡವು. ನನಗೆ 51, ಬಿ.ಪಿ. ಇದೆ. ಮನೆಯಲ್ಲಿ ಮಾವನವರಿಗೆ ಟಿ.ಬಿ. ಆಗಿತ್ತು. ನನ್ನಂಥವರಿಗೆ, ಇಲ್ಲಿ, ಈ ಮಾತ್ರೆ ಏನು ಮಾಡುತ್ತದೆ? ಇದನ್ನು ತೆಗೆದುಕೊಳ್ಳುತ್ತಿರುವವರ ಹೆಸರನ್ನು ರಾಜ್ಯದ ಕಾಲೇಜುಗಳು ಒಂದು ಕಡೆ ಬರೆದಿಟ್ಟುಕೊಂಡು ಐದು ವರ್ಷ ವಿಚಾರಿಸುತ್ತ ಹೋದರೆ ಸಾಕಲ್ಲ.

2020ರ ಮಾರ್ಚ್ ನೆನಪಿದೆಯೇ? ಕೊರೋನಾ ತಡೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳಬಹುದೆಂದು ಆರೋಗ್ಯ ಕಾರ್ಯಕರ್ತರಿಗೆ ಐ.ಸಿ.ಎಂ.ಆರ್., ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಸಲಹೆ ಕೊಟ್ಟ ವಾರವೇ ನಮ್ಮೂರ ಮೆಡಿಕಲ್ ಸ್ಟೋರುಗಳಲ್ಲಿ ಅದು ಖಾಲಿ. ವರ್ಷಗಟ್ಟಲೆ ಅದನ್ನೇ ನುಂಗಿ ಬದುಕಿದ್ದ ನಾವು ಯಾರ ಲೆಕ್ಕದಲ್ಲೂ ಇರಲಿಲ್ಲ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಕಾಯಿಲೆ ಕೆರಳಿತು ಎಂದು ಯಾರಾದರೂ ಬಂದು ಕೇಳಿದ್ದರೆ ನಾನೇ ಹತ್ತು ಮನೆ ತೋರಿಸುತ್ತಿದ್ದೆ.

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಪ್ರಬಂಧದ ವಿಷಯವನ್ನು ಗೈಡು ಕೊಡುವ ಮೊದಲು, ವಿದ್ಯಾರ್ಥಿ ಒಂದು ದಿನ ಓ.ಪಿ.ಡಿ. ಬೆಂಚಿನ ಮೇಲೆ, ಕೋಟು ಬಿಚ್ಚಿಟ್ಟು ಕೂರಲಿ. ಎಲ್ಲ ಪ್ರಬಂಧವೂ ಬೇಡ, ವಿಭಾಗಕ್ಕೆ ವರ್ಷಕ್ಕೊಂದು ರೋಗಿಗಳಿಂದ ಬಂದ ಪ್ರಶ್ನೆಯ ಮೇಲೆ ಇರಲಿ. ದೇಶದಲ್ಲಿ ನಡೆಯುವ ಔಷಧ, ಚಿಕಿತ್ಸೆಯ ಪರೀಕ್ಷೆಗಳನ್ನು ನೋಂದಾಯಿಸುವ ಸರ್ಕಾರಿ ದಾಖಲೆಯೊಂದು 2007ರಿಂದ ಇದೆ. ಯಾರು ಬೇಕಾದರೂ ತೆರೆದು ನೋಡಬಹುದು. ಅದರಲ್ಲಿ ವೈಜ್ಞಾನಿಕ ಶೀರ್ಷಿಕೆಗೆ ಒಂದು ಕಾಲಂ, ಸಾಮಾನ್ಯ ಜನರಿಗಾಗಿ ಇನ್ನೊಂದು ಶೀರ್ಷಿಕೆಗೆ ಬೇರೆ ಕಾಲಂ. ಮಗಳು ಕೆಲವನ್ನು ಓದಿ ತೋರಿಸಿದಳು. ಎರಡೂ ಒಂದೇ ತೆರನ ಇಂಗ್ಲಿಷು. ಆ ಎರಡನೇ ಕಾಲಮ್ಮನ್ನಾದರೂ ನಮಗಾಗಿ ತುಂಬಿ.

ಹಾಗೇ, ಮುಗಿದ ಮೇಲೆ ಹೇಳಿ. ಆ ಕೆಂಪು ಕಣ್ಣಿನ ಹುಡುಗ ನನ್ನ ಎರಡು ಸಿರಿಂಜು ರಕ್ತ ತೆಗೆದುಕೊಂಡ. ಅದರಿಂದ ಏನು ಗೊತ್ತಾಯಿತು? ಅವನೀಗ ಎಲ್ಲೋ ದೊಡ್ಡ ಡಾಕ್ಟರಾಗಿರುತ್ತಾನೆ, ಆಗಲಿ. ಒಂದು ಪೋಸ್ಟ್ ಕಾರ್ಡು, ಈಗಿನ ಕಾಲಕ್ಕೆ ಒಂದು ವಾಟ್ಸಪ್ ಮೆಸೇಜು ಕಳಿಸಬಹುದಿತ್ತು: "ಅಮ್ಮ, ನೀವು ಕೊಟ್ಟ ರಕ್ತದಿಂದ ಇಂಥದ್ದು ತಿಳಿಯಿತು." ಏನೂ ತಿಳಿಯಲಿಲ್ಲ ಎಂದಿದ್ದರೂ ಸಂತೋಷವೇ. ಬ್ಲೌಸು ಕೆಟ್ಟರೂ ಬಟ್ಟೆ ಕೊಟ್ಟವರಿಗೆ ಹೇಳಿಯೇ ಹೇಳುತ್ತೇವೆ ನಾವು.

ಎಥಿಕ್ಸ್ ಕಮಿಟಿಯವರಿಗೆ ಕೊನೆಯದಾಗಿ ಒಂದು ಮಾತು. ಕಮಿಟಿಯಲ್ಲಿ ವೈದ್ಯಕೀಯಕ್ಕೆ ಸಂಬಂಧಪಡದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕೆಂದು ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಹೇಳುತ್ತದೆ. ಓದುಬರಹ ಬಲ್ಲವರಾಗಿರಬೇಕು, ಸ್ಥಳೀಯ ಭಾಷೆ, ರೀತಿನೀತಿ ಗೊತ್ತಿರಬೇಕು, ಅಷ್ಟೇ. ನಿಮ್ಮ ಆ ಕುರ್ಚಿಯಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ಅವರನ್ನು ಎಬ್ಬಿಸಿ ಅನ್ನುತ್ತಿಲ್ಲ. ಆದರೆ ಮುಂದಿನ ಸಲ ಆ ನಾಲ್ಕು ಪುಟದ ಕನ್ನಡ ಒಪ್ಪಿಗೆ ಪತ್ರ ಮೇಜಿನ ಮೇಲೆ ಬಂದಾಗ, ಅದನ್ನು ನನ್ನಂಥವಳೊಬ್ಬಳ ಕೈಗೆ ಕೊಟ್ಟು, ಓದಿಸಿ, ಏನು ಅರ್ಥವಾಯಿತು ಎಂದು ಅವಳ ಬಾಯಲ್ಲೇ ಹೇಳಿಸಿ. ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ. ತಿಪಟೂರಿನಿಂದ ಬೆಳಗಿನ ರೈಲಿದೆ, ಟಿಕೆಟ್ಟಿನ ದುಡ್ಡು ನಾನೇ ಹಾಕಿಕೊಳ್ಳುತ್ತೇನೆ. ಸೋಮವಾರ ಮಾತ್ರ ಕರೆಯಬೇಡಿ. ಭಾನುವಾರ ಮಾತ್ರೆ ನುಂಗಿರುತ್ತೇನೆ, ಸೋಮವಾರ ನನ್ನಿಂದ ಏಳಲಾಗುವುದಿಲ್ಲ.

ಇಂತಿ,
ತಿಪಟೂರಿನ ಒಬ್ಬ ಟೈಲರ್